ರೈತನೂ ಜಿಲ್ಲಾ ಪಂಚಾಯತಿಯೂ
(ಇಂಡಿ ತಾಲೂಕಿನ ಅಗರಖೇಡ ಭಾಗದ ರೈತರ ಮುಂದೆ ಮಾಡಿದ ಭಾಷಣ)



ಬೀಜ, ಗೊಬ್ಬರ, ಕೀಟಗಳ ವಿಷಯವನ್ನು ನಾವು ಆಗಾಗ ಮಾತನಾಡುತ್ತೇವೆ. ಇಂದಿನ ವಿಷಯ ಬೇರೆ. ದನಗಳ ದವಾಖಾನೆಯಲ್ಲಿ ಔಷಧ ಇರಬೇಕು, ಊರ ಶಾಲೆಗೆ ಮಾಸ್ತರರು ಬರಬೇಕು, ಕುಡಿಯುವ ನೀರು ಸಿಗಬೇಕು, ಸಣ್ಣ ಕೆರೆಯ ಹೂಳು ತೆಗೆಯಬೇಕು. ಇವುಗಳ ಕೀಲಿಕೈ ಬಹುಮಟ್ಟಿಗೆ ವಿಜಯಪುರದ ಜಿಲ್ಲಾ ಪಂಚಾಯತಿಯಲ್ಲಿರುತ್ತದೆ. ಆ ಸಂಸ್ಥೆ ಹೇಗೆ ನಡೆಯುತ್ತದೆ, ಅಲ್ಲಿ ಕೂಡ್ರುವವರನ್ನು ಯಾರು ಆರಿಸುತ್ತಾರೆ ಎಂಬುದನ್ನು ರೈತನು ಅರಿತಿರುವುದು ಅವಶ್ಯ.

ಹಿಂದಿನ ಕಥೆ

ನಮ್ಮ ಜಿಲ್ಲೆ 1956ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. ಆಗ ಲೋಕಲ್ ಬೋರ್ಡುಗಳ ಆಡಳಿತ. ಆಮೇಲೆ ಬಂದ 1959ರ ಮೈಸೂರು ಕಾಯ್ದೆಯಲ್ಲಿ ಗ್ರಾಮ ಪಂಚಾಯತಿಗೂ ತಾಲೂಕು ಬೋರ್ಡಿಗೂ ಚುನಾವಣೆ ಇತ್ತು. ಜಿಲ್ಲೆಯ ಮಟ್ಟದಲ್ಲಿ ಮಾತ್ರ ಜಿಲ್ಲಾ ಅಭಿವೃದ್ಧಿ ಪರಿಷತ್ತು ಎಂಬುದಿದ್ದು, ಡೆಪ್ಯುಟಿ ಕಮಿಷನರರೇ ಅದರ ಅಧ್ಯಕ್ಷರಾಗಿದ್ದರು. ಜನರು ನೇರವಾಗಿ ಆರಿಸಿದ ಸಭೆ ಅದಾಗಿರಲಿಲ್ಲ.

ಇದನ್ನು ಬದಲಿಸಿದ್ದು ಶ್ರೀ ರಾಮಕೃಷ್ಣ ಹೆಗಡೆಯವರ ಸರ್ಕಾರ ತಂದ 1983ರ ಕಾಯ್ದೆ. ಪಂಚಾಯತ್ ರಾಜ್ ಮಂತ್ರಿಗಳಾಗಿದ್ದ ಅಬ್ದುಲ್ ನಜೀರ್ ಸಾಬರು ಅದರ ಹಿಂದಿನ ಶಕ್ತಿ. ಊರೂರಿಗೆ ಕೊಳವೆ ಬಾವಿ ತೋಡಿಸಿದ್ದರಿಂದ ಜನರು ಅವರನ್ನು 'ನೀರ್ ಸಾಬ್' ಎಂದೇ ಕರೆದರು. 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆಯಿತು. ಅಧ್ಯಕ್ಷರಿಗೆ ರಾಜ್ಯ ಮಂತ್ರಿಯ ದರ್ಜೆ ಬಂತು. ಹೆಣ್ಣುಮಕ್ಕಳಿಗೆ ಶೇಕಡಾ 25 ಸ್ಥಾನಗಳು ಮೀಸಲಾದವು. ಆದರೆ ಐದು ವರ್ಷ ಮುಗಿದಾಗ ಮರು ಚುನಾವಣೆ ವೇಳೆಗೆ ಆಗಲಿಲ್ಲ. 73ನೆಯ ಸಂವಿಧಾನ ತಿದ್ದುಪಡಿ ಮತ್ತು 1993ರ ಕರ್ನಾಟಕ ಕಾಯ್ದೆ ಬಂದ ನಂತರ, 1995ರಲ್ಲಿ ಈಗಿನ ಹೆಸರಿನ ಜಿಲ್ಲಾ ಪಂಚಾಯತಿಗಳು ಚುನಾಯಿತವಾದವು.

ಆಯ್ಕೆಯ ಕ್ರಮ

ಜಿಲ್ಲೆಯ ಗ್ರಾಮೀಣ ಭಾಗವನ್ನು ಕ್ಷೇತ್ರಗಳಾಗಿ ವಿಂಗಡಿಸಿ, ಒಂದೊಂದು ಕ್ಷೇತ್ರದಿಂದ ಒಬ್ಬ ಸದಸ್ಯರನ್ನು ಆರಿಸುತ್ತಾರೆ. ಸುಮಾರು 40 ಸಾವಿರ ಜನಸಂಖ್ಯೆಗೆ ಒಬ್ಬರೆಂಬುದು 1993ರ ಕಾಯ್ದೆಯ ಸಾಮಾನ್ಯ ಲೆಕ್ಕವಾಗಿತ್ತು. 18 ವರ್ಷ ತುಂಬಿದವರು ಮತ ಹಾಕಬಹುದು. ನಿಲ್ಲಲು 21 ತುಂಬಿರಬೇಕು. ಗ್ರಾಮ ಪಂಚಾಯತಿಗೆ ಪಕ್ಷದ ಚಿಹ್ನೆ ಇಲ್ಲ. ತಾಲೂಕು ಮತ್ತು ಜಿಲ್ಲಾ ಪಂಚಾಯತಿಗಳಿಗೆ ಉಂಟು. ಪರಿಶಿಷ್ಟ ಜಾತಿ ಹಾಗೂ ಪಂಗಡಗಳಿಗೆ ಜನಸಂಖ್ಯೆಗೆ ತಕ್ಕಂತೆ ಸ್ಥಾನಗಳಿವೆ. ಹಿಂದುಳಿದ ವರ್ಗಗಳಿಗೂ ಮೀಸಲಾತಿ ಇದೆ. ಮಹಿಳೆಯರ ಪಾಲು ಮೊದಲು ಮೂರರಲ್ಲಿ ಒಂದಿತ್ತು. 2010ರ ತಿದ್ದುಪಡಿಯಿಂದ ಅರ್ಧವಾಯಿತು.

ಶಾಸಕರು, ಸಂಸದರು, ತಾಲೂಕು ಪಂಚಾಯತಿಗಳ ಅಧ್ಯಕ್ಷರು ಸಹ ಈ ಸಭೆಯಲ್ಲಿ ಕೂಡ್ರುತ್ತಾರೆ. ಆದರೆ ಅಧ್ಯಕ್ಷ ಮತ್ತು ಉಪಾಧ್ಯಕ್ಷರನ್ನು ಜನರಿಂದ ನೇರವಾಗಿ ಆಯ್ಕೆಯಾದ ಸದಸ್ಯರು ತಮ್ಮೊಳಗಿನಿಂದಲೇ ಆರಿಸಬೇಕು.

ಆಡಳಿತದ ಕ್ರಮ

ಸಭೆ ಎರಡು ತಿಂಗಳಿಗೊಮ್ಮೆಯಾದರೂ ಸೇರಬೇಕು. ಠರಾವು ಮಾಡುವವರು ಸದಸ್ಯರು. ಅದನ್ನು ಜಾರಿಗೆ ತರುವವರು ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು. ನಡುವೆ ಐದು ಸ್ಥಾಯಿ ಸಮಿತಿಗಳಿವೆ: ಸಾಮಾನ್ಯ, ಹಣಕಾಸು, ಲೆಕ್ಕಪರಿಶೋಧನೆ ಮತ್ತು ಯೋಜನೆ, ಸಾಮಾಜಿಕ ನ್ಯಾಯ, ಶಿಕ್ಷಣ ಮತ್ತು ಆರೋಗ್ಯ, ಕೃಷಿ ಮತ್ತು ಕೈಗಾರಿಕೆ. ಈ ಕೊನೆಯ ಸಮಿತಿಯ ಹೆಸರನ್ನು ರೈತರು ನೆನಪಿಡಬೇಕು. ಬೇಸಾಯ, ಪಶುಪಾಲನೆ, ಹೊಲದ ಒಡ್ಡುಗಳ ಪ್ರಶ್ನೆಗಳು ಅಲ್ಲಿ ಚರ್ಚೆಗೆ ಬರುತ್ತವೆ.

ಯಾವ ಕೆಲಸ ಎಲ್ಲಿ ಎಂಬುದೂ ತಿಳಿದಿರಲಿ. 40 ಹೆಕ್ಟೇರುವರೆಗಿನ ಅಚ್ಚುಕಟ್ಟಿನ ಸಣ್ಣ ಕೆರೆ ಜಿಲ್ಲಾ ಪಂಚಾಯತಿಯದು. ಆಲಮಟ್ಟಿಯ ಕಾಲುವೆ ಕೃಷ್ಣಾ ಭಾಗ್ಯ ಜಲ ನಿಗಮದ್ದು. ಪಂಪಸೆಟ್ಟಿನ ಕರೆಂಟು ಹೆಸ್ಕಾಂನದು. ತಪ್ಪು ಬಾಗಿಲು ಬಡಿದರೆ ಹಂಗಾಮೇ ಕಳೆದುಹೋಗುತ್ತದೆ.

ಕುರ್ಚಿ ಖಾಲಿಯಾದಾಗ

ಪಂಚಾಯತಿಯ ಅವಧಿ ಐದು ವರ್ಷ. ಅದು ಮುಗಿಯುವ ಮೊದಲೇ ಹೊಸ ಚುನಾವಣೆ ಆಗಬೇಕೆಂದು ಸಂವಿಧಾನ ಹೇಳುತ್ತದೆ. ಆದರೂ 2016ರಲ್ಲಿ ಆಯ್ಕೆಯಾದವರ ಅವಧಿ 2021ರಲ್ಲಿ ಮುಗಿದ ಮೇಲೆ, ಕ್ಷೇತ್ರ ವಿಂಗಡಣೆ ಮತ್ತು ಮೀಸಲಾತಿಯ ತಗಾದೆಯಲ್ಲಿ ಚುನಾವಣೆ ವರ್ಷಗಟ್ಟಲೆ ಮುಂದಕ್ಕೆ ಹೋಯಿತು. ಆಡಳಿತಾಧಿಕಾರಿಗಳ ಕೈಗೆ ಕೆಲಸ ಬಂತು.

ಇದರಿಂದ ರೈತನಿಗೇನು ನಷ್ಟವೆಂದು ಕೇಳಬಹುದು. ಅಧಿಕಾರಿಗಳು ಕೆಲಸ ಮಾಡುವುದಿಲ್ಲವೆಂದು ನಾನು ಹೇಳುವುದಿಲ್ಲ. ಸಂಬಳ, ಕಡತ, ಮಂಜೂರಾತಿ ನಡೆದೇ ಇರುತ್ತವೆ. ಆದರೆ ಸದಸ್ಯರಿಲ್ಲದಾಗ ಕೃಷಿ ಸ್ಥಾಯಿ ಸಮಿತಿ ಇಲ್ಲ. ನಮ್ಮ ಊರಿಗೆ ಏಕೆ ಕೊಡಲಿಲ್ಲವೆಂದು ಸಭೆಯಲ್ಲಿ ಎದ್ದು ಕೇಳುವವರಿಲ್ಲ. ಜಿಲ್ಲಾ ಯೋಜನಾ ಸಮಿತಿಯ ಐದರಲ್ಲಿ ನಾಲ್ಕು ಪಾಲು ಸದಸ್ಯರು ಜಿಲ್ಲಾ ಪಂಚಾಯತಿ ಮತ್ತು ನಗರ ಸಂಸ್ಥೆಗಳ ಚುನಾಯಿತರಿಂದ ಬರತಕ್ಕದ್ದು. ಆದ್ದರಿಂದ ಆ ಸಮಿತಿಯಲ್ಲೂ ಹಳ್ಳಿಯ ದನಿ ಕುಗ್ಗುತ್ತದೆ. ಒಡೆಯ ಬಾರದ ಹೊಲದಲ್ಲಿ ಬೆಳೆ ಬರಬಹುದು, ಲೆಕ್ಕ ಕೇಳುವವರು ಯಾರು?

ನಾವು ಮಾಡಬೇಕಾದದ್ದು

ಒಂದು, ಮನೆಯ ಹದಿನೆಂಟು ತುಂಬಿದವರೆಲ್ಲರ ಹೆಸರು ಮತದಾರರ ಪಟ್ಟಿಯಲ್ಲಿದೆಯೇ ಎಂದು ಚುನಾವಣೆಗೆ ಮೊದಲೇ ನೋಡಿಕೊಳ್ಳಿರಿ. ಎರಡು, ಗ್ರಾಮ ಸಭೆಗೆ ತಪ್ಪದೆ ಹೋಗಿರಿ. ಜಿಲ್ಲೆಯ ಯೋಜನೆ ಹುಟ್ಟಬೇಕಾದದ್ದು ಅಲ್ಲಿಯೇ. ಬೇಡಿಕೆಯನ್ನು ಠರಾವಿನಲ್ಲಿ ಬರೆಸಿ, ಪ್ರತಿ ಪಡೆಯಿರಿ. ಮೂರು, ಮತ ಕೇಳಲು ಬಂದವರಿಗೆ ಜಾತಿ, ಪಕ್ಷದ ಮಾತಿಗಿಂತ ಮೊದಲು ಕೃಷಿ ಸಮಿತಿಯಲ್ಲಿ ಏನು ಮಾಡುವಿರೆಂದು ಕೇಳಿರಿ. ನಾಲ್ಕು, ಕುರ್ಚಿ ಖಾಲಿಯಾಗಿದ್ದ ಕಾಲದಲ್ಲಿ ಅರ್ಜಿಯನ್ನು ಆಡಳಿತಾಧಿಕಾರಿಗಳಿಗೂ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೂ ಬರವಣಿಗೆಯಲ್ಲಿಯೇ ಕೊಟ್ಟು ಸ್ವೀಕೃತಿ ಪಡೆಯಿರಿ. ಚುನಾವಣೆ ವೇಳೆಗೆ ಆಗಬೇಕೆಂದು ಗ್ರಾಮ ಸಭೆಯ ಮೂಲಕ ಒತ್ತಾಯಿಸಿರಿ.

ವಿಸ್ತರಣಾ ಕಾರ್ಯಕರ್ತರು ಬೆಳೆಯ ಪಾಠದ ಜೊತೆಗೆ ಈ ಪಾಠವನ್ನೂ ಹಳ್ಳಿಗಳಿಗೆ ಮುಟ್ಟಿಸುವರೆಂದು ಆಶಿಸಿ, ನನ್ನ ಮಾತು ಮುಗಿಸುತ್ತೇನೆ.