ವೃತ್ತಿವಾರು ಸಮಿತಿಯಿಂದ ನಾಯಕನ ಆಯ್ಕೆ: ಒಂದು ಲೆಕ್ಕ ತಪಾಸಣೆ

(ಅಂಬರನಾಥದಲ್ಲಿ ಕನ್ನಡ ಜೈನ ಬಾಂಧವರ ಸಭೆಯಲ್ಲಿ ಮಾಡಿದ ಭಾಷಣದ ಪಾಠ)

 

ನಮ್ಮ ಸಮಾಜದ ವಿದ್ಯಾವಂತರ ನಡುವೆ ಇತ್ತೀಚೆಗೆ ಒಂದು ಆಲೋಚನೆ ಬಲಗೊಳ್ಳುತ್ತಿದೆ. ವಾರ್ಡುವಾರು ಚುನಾವಣೆಯಲ್ಲಿ ಹಣ ಹಂಚಿದವನು ಗೆಲ್ಲುತ್ತಾನೆ. ಅದರ ಬದಲು ವ್ಯಾಪಾರಿಗಳು, ವೈದ್ಯರು, ವಕೀಲರು, ಶಿಕ್ಷಕರು, ಕಾರ್ಮಿಕರು ತಮ್ಮ ತಮ್ಮ ವರ್ಗದಿಂದ ಪ್ರತಿನಿಧಿಗಳನ್ನು ಆರಿಸಲಿ, ಆ ಪ್ರತಿನಿಧಿಗಳ ಸಮಿತಿಯೇ ನಗರದ ಅಧ್ಯಕ್ಷನನ್ನೂ ರಾಜ್ಯದ ಮುಖ್ಯಸ್ಥನನ್ನೂ ಆರಿಸಲಿ ಎಂಬುದು ಅದರ ತಿರುಳು. ತಲೆ ಎಣಿಕೆಯಲ್ಲಿ ಎಲ್ಲಿಯೂ ಲೆಕ್ಕಕ್ಕೆ ಬಾರದ ನಮ್ಮಂಥ ಸಣ್ಣ ಸಮುದಾಯಕ್ಕೆ ವೃತ್ತಿಯ ಬಾಗಿಲಿನಿಂದಲಾದರೂ ಒಂದು ಆಸನ ಸಿಗಬಹುದೆಂಬ ಆಸೆಯೂ ಇದರ ಹಿಂದಿದೆ. ಆ ಆಸೆಯನ್ನು ನಾನು ಹೀಗಳೆಯುವುದಿಲ್ಲ. ಆದರೆ ಲೆಕ್ಕಪರಿಶೋಧಕನಾದ ನನಗೆ ಯಾವ ಯೋಜನೆಯನ್ನಾದರೂ ಒಪ್ಪುವ ಮೊದಲು ಅದರ ಪುಸ್ತಕಗಳನ್ನು ನೋಡುವ ಅಭ್ಯಾಸ. ಇಲ್ಲಿ ಪುಸ್ತಕವೆಂದರೆ ಮತದಾರರ ಪಟ್ಟಿ.

ಮೊದಲಿಗೆ ಈ ಪದ್ಧತಿ ಸರಿಯಾಗಿ ನಡೆಯುವ ಒಂದು ಉದಾಹರಣೆ. ನನ್ನ ವೃತ್ತಿಸಂಸ್ಥೆಯಾದ ಭಾರತೀಯ ಲೆಕ್ಕಪರಿಶೋಧಕರ ಸಂಸ್ಥೆಯ ಕೇಂದ್ರ ಮಂಡಳಿಯಲ್ಲಿ 40 ಸ್ಥಾನಗಳಿವೆ. 32 ಮಂದಿಯನ್ನು ದೇಶದ ಐದು ವಲಯಗಳ ಸದಸ್ಯರು ಆರಿಸುತ್ತಾರೆ, 8 ಮಂದಿಯನ್ನು ಕೇಂದ್ರ ಸರಕಾರ ನೇಮಿಸುತ್ತದೆ. ಮಂಡಳಿಯು ಪ್ರತಿ ವರ್ಷ ತನ್ನೊಳಗಿನಿಂದ ಅಧ್ಯಕ್ಷರನ್ನು ಆರಿಸಿಕೊಳ್ಳುತ್ತದೆ. 1949ರಿಂದ ನಡೆದು ಬಂದಿರುವ ಸಂಸ್ಥೆ ಇದು. ಅಧ್ಯಕ್ಷರನ್ನು ನಾನು ನೇರವಾಗಿ ಆರಿಸಲಿಲ್ಲವೆಂದು ನನಗೆ ಕೊರಗಿಲ್ಲ. ಏಕೆಂದರೆ ಆ ಅಧ್ಯಕ್ಷರ ಅಧಿಕಾರ ಯಾರ ಮೇಲೆ ನಡೆಯುವುದೋ ಆ ಸದಸ್ಯರ ಕೈಯಲ್ಲಿ ಮತವಿದೆ. ನಗರದ ಮಾತು ಬೇರೆ. ನಗರದ ನಾಯಕನು ಯಾವ ವೃತ್ತಿಪಟ್ಟಿಯಲ್ಲಿಯೂ ಹೆಸರಿಲ್ಲದವರನ್ನು ಸಹ ಆಳುತ್ತಾನೆ.

ನಮ್ಮ ನಾಡಿಗೂ ಈ ವಿಚಾರ ಹೊಸದಲ್ಲ. 1881ರ ಅಕ್ಟೋಬರಿನಲ್ಲಿ ದಿವಾನ್ ರಂಗಾಚಾರ್ಲು ಅವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಕರೆದಾಗ ಅಲ್ಲಿ ಕುಳಿತವರು 144 ಮಂದಿ. ತಾಲ್ಲೂಕುಗಳ ಭೂಮಾಲೀಕರು ಮತ್ತು ವರ್ತಕರು. ಭಾರತದ ಸಂಸ್ಥಾನಗಳಲ್ಲಿ ಅಂಥ ಸಭೆ ಮತ್ತೊಂದಿರಲಿಲ್ಲವೆಂದು ನಾವು ಹೆಮ್ಮೆಪಡುತ್ತೇವೆ, ಪಡಬೇಕಾದುದೇ. ಆದರೆ ಆ ಸಭೆ ಅಹವಾಲು ಹೇಳಬಹುದಿತ್ತು, ಪ್ರಶ್ನೆ ಕೇಳಬಹುದಿತ್ತು, ದಿವಾನರನ್ನು ಆರಿಸುವಂತಿರಲಿಲ್ಲ. ಆ ಹಕ್ಕು ಅರಮನೆಯದಾಗಿತ್ತು. ಕೆ. ಸಿ. ರೆಡ್ಡಿಯವರು ಜನರ ಮಂತ್ರಿಮಂಡಲದ ಮುಖ್ಯಸ್ಥರಾದದ್ದು 1947ರ ಅಕ್ಟೋಬರಿನಲ್ಲಿ, ಅದೂ ಮೈಸೂರು ಚಲೋ ಚಳವಳಿ ನಡೆದ ಮೇಲೆ.

ವರ್ಗವಾರು ಸಮಿತಿಯೇ ನಾಯಕನನ್ನು ಆರಿಸುವ ಪದ್ಧತಿಯನ್ನು ಪೂರ್ಣವಾಗಿ ನೋಡಬೇಕಾದರೆ ಹಾಂಗ್‌ಕಾಂಗ್‌ಗೆ ಹೋಗಬೇಕು. ಅಲ್ಲಿನ ಮುಖ್ಯ ಆಡಳಿತಾಧಿಕಾರಿಯನ್ನು ಜನರು ಆರಿಸುವುದಿಲ್ಲ, ಚುನಾವಣಾ ಸಮಿತಿ ಆರಿಸುತ್ತದೆ. 1996ರಲ್ಲಿ ಅಂಥ ಸಮಿತಿಯಲ್ಲಿ 400 ಮಂದಿ ಇದ್ದರು, ಆಮೇಲೆ 800, 2012ರ ಹೊತ್ತಿಗೆ 1,200. ನಾಲ್ಕು ವಿಭಾಗಗಳಿಗೆ ತಲಾ 300 ಸ್ಥಾನ: ಉದ್ಯಮ ಮತ್ತು ಹಣಕಾಸು, ವೃತ್ತಿಪರರು, ಕಾರ್ಮಿಕ, ಸಮಾಜಸೇವೆ, ಧರ್ಮ ಮೊದಲಾದವು, ರಾಜಕೀಯ ಸಂಸ್ಥೆಗಳು. ಕಾಗದದ ಮೇಲೆ ನೋಡಿದರೆ ನಮ್ಮ ಬಂಧುಗಳು ಬಯಸುವುದೂ ಇದನ್ನೇ. ವೃತ್ತಿಪರರಲ್ಲಿ ಲೆಕ್ಕಪರಿಶೋಧಕರಿಗೇ 30 ಸ್ಥಾನಗಳು!

ಈಗ ಪುಸ್ತಕ ತೆರೆಯೋಣ. 2016ರ ಸಮಿತಿ ಚುನಾವಣೆಯಲ್ಲಿ ಶಿಕ್ಷಣ ವರ್ಗಕ್ಕೆ 30 ಸ್ಥಾನ, ಮತದಾರರು ಸುಮಾರು 80,000. ಕೃಷಿ ಮತ್ತು ಮೀನುಗಾರಿಕೆಗೆ 60 ಸ್ಥಾನ, ಮತದಾರರು ಸುಮಾರು 150. ಅವರೂ ವ್ಯಕ್ತಿಗಳಲ್ಲ, ಸಂಘಸಂಸ್ಥೆಗಳು. ಗದ್ದೆಗಳಿಗಿಂತ ಗಗನಚುಂಬಿಗಳೇ ಹೆಚ್ಚಾಗಿರುವ ನಗರದಲ್ಲಿ ಇದು! ಶಿಕ್ಷಕರಲ್ಲಿ ಒಂದು ಸ್ಥಾನಕ್ಕೆ ಸುಮಾರು 2,700 ಮತದಾರರು, ಕೃಷಿಯಲ್ಲಿ ಒಂದು ಸ್ಥಾನಕ್ಕೆ ಎರಡೂವರೆ. ಒಂದು ಮೀನುಗಾರ ಸಂಘದ ಮತ ಸಾವಿರ ಶಿಕ್ಷಕರ ಮತಕ್ಕೆ ಸಮ. ಇದರಲ್ಲಿ ಕಳ್ಳಮತ ಬೇಡ, ಹಣ ಹಂಚುವುದೂ ಬೇಡ. ಸ್ಥಾನಗಳನ್ನು ಹಂಚಿದ ದಿನವೇ ಫಲಿತಾಂಶದ ಅರ್ಧ ಸಿದ್ಧವಾಗಿರುತ್ತದೆ. ಆ ವರ್ಷ ಇಡೀ ಸಮಿತಿಯನ್ನು ಆರಿಸಲು ಹಕ್ಕಿದ್ದವರು ಸುಮಾರು ಎರಡೂವರೆ ಲಕ್ಷ. 2011ರ ಜನಗಣತಿಯಲ್ಲಿ ನಮ್ಮ ಅಂಬರನಾಥದ ಜನಸಂಖ್ಯೆಯೂ ಅಷ್ಟೇ. ಎಪ್ಪತ್ತು ಲಕ್ಷಕ್ಕೂ ಹೆಚ್ಚು ಜನರಿರುವ ನಗರದ ನಾಯಕತ್ವ ಅಷ್ಟು ಮಂದಿಯ ಪಟ್ಟಿಯ ಮೇಲೆ ನಿಂತಿತ್ತು.

2012ರಲ್ಲಿ ಲಿಯುಂಗ್ ಚುನ್-ಯಿಂಗ್ 689 ಮತಗಳಿಂದ ಗೆದ್ದರು. ಜನರು ಅವರ ಹೆಸರನ್ನು ಬಿಟ್ಟು ಆ ಸಂಖ್ಯೆಯಿಂದಲೇ ಅವರನ್ನು ಹಂಗಿಸತೊಡಗಿದರು. 2017ರಲ್ಲಿ ಜನಮತ ಸಮೀಕ್ಷೆಗಳಲ್ಲಿ ಮುಂದಿದ್ದ ಜಾನ್ ತ್ಸಾಂಗ್ ಅವರಿಗೆ 365 ಮತ ಬಂದಿತು, ಕ್ಯಾರಿ ಲ್ಯಾಮ್ 777 ಮತ ಪಡೆದು ಅಧಿಕಾರಕ್ಕೆ ಬಂದರು. ಆದರೂ ಆ ಸಮಿತಿಯೊಳಗೆ ವಕೀಲರು, ವೈದ್ಯರು, ನನ್ನ ವೃತ್ತಿಬಾಂಧವರು ಸ್ವತಂತ್ರ ಪ್ರತಿನಿಧಿಗಳನ್ನು ಕಳುಹಿಸಿ ತಕ್ಕಮಟ್ಟಿಗೆ ಬೇರೆ ಧ್ವನಿ ಎತ್ತಿದ್ದರು. ಅದರ ಪರಿಣಾಮವೇನಾಯಿತು? 2021ರಲ್ಲಿ ನಿಯಮಗಳನ್ನೇ ಬದಲಿಸಲಾಯಿತು. ಸ್ಥಾನಗಳು 1,500ಕ್ಕೆ ಏರಿದವು, ಮತದಾರರು ಎರಡೂವರೆ ಲಕ್ಷದಿಂದ ಸುಮಾರು 8,000ಕ್ಕೆ ಇಳಿದರು. ಹೆಚ್ಚಿನ ವರ್ಗಗಳಲ್ಲಿ ವ್ಯಕ್ತಿಯ ಮತ ಹೋಗಿ ಸಂಸ್ಥೆಯ ಮತ ಬಂದಿತು. ಲೆಕ್ಕಪರಿಶೋಧಕರ 30 ಸ್ಥಾನಗಳಲ್ಲಿ ಅರ್ಧವನ್ನು ಬೀಜಿಂಗಿನ ಹಣಕಾಸು ಸಚಿವಾಲಯವು ನೇಮಿಸಿದ ಸಲಹೆಗಾರರೊಳಗಿಂದ ತುಂಬುವ ವ್ಯವಸ್ಥೆಯಾಯಿತು. ಮರುವರ್ಷ ಒಬ್ಬನೇ ಅಭ್ಯರ್ಥಿ ನಿಂತರು. ಜಾನ್ ಲೀ ಅವರಿಗೆ 1,416 ಮತ, ವಿರುದ್ಧ 8.

ಧರ್ಮದ ವರ್ಗದ ವಿಷಯವನ್ನೂ ಹೇಳಬೇಕು, ಏಕೆಂದರೆ ಆಸನದ ಆಸೆ ಇಟ್ಟುಕೊಂಡವರು ಇದನ್ನು ಕೇಳಲೇಬೇಕು. 60 ಸ್ಥಾನಗಳನ್ನು ಆರು ಧರ್ಮಸಂಸ್ಥೆಗಳಿಗೆ ಹಂಚಲಾಗಿತ್ತು: ಕ್ಯಾಥೊಲಿಕ್, ಪ್ರೊಟೆಸ್ಟೆಂಟ್, ಮುಸ್ಲಿಂ, ಬೌದ್ಧ, ತಾವೋ, ಕನ್‌ಫ್ಯೂಷಿಯಸ್. ಹಿಂದೂಗಳಿಗೆ, ಸಿಖ್ಖರಿಗೆ ಇಲ್ಲ. ವಜ್ರದ ವ್ಯಾಪಾರದಿಂದ ಆ ನಗರದಲ್ಲಿ ನೆಲೆಸಿರುವ ನಮ್ಮ ಜೈನ ಕುಟುಂಬಗಳಿಗೂ ಇಲ್ಲ. ಪಟ್ಟಿಯನ್ನು ಬರೆದವರಿಗೆ ಯಾರು ಕಂಡರೋ ಅವರೇ ಪಟ್ಟಿಯಲ್ಲಿದ್ದಾರೆ. ಸಣ್ಣ ಸಮುದಾಯಕ್ಕೆ ಈ ಪದ್ಧತಿ ಅನುಕೂಲವೆಂದು ನಂಬುವವರಿಗೆ ನಾನು ಕೇಳುವುದು ಇಷ್ಟೇ: ನಮ್ಮ ಹೆಸರನ್ನು ಬರೆಯಿಸುವ ಶಕ್ತಿ ನಮಗಿದ್ದಿದ್ದರೆ ಈ ಪದ್ಧತಿ ನಮಗೆ ಬೇಕಾಗುತ್ತಿತ್ತೇ?

ಇದೇ ಹಂಚಿಕೆಯನ್ನು ಅಂಬರನಾಥದಲ್ಲಿ ಮಾಡಿ ನೋಡಿ. ಆಯುಧ ಕಾರ್ಖಾನೆಗೊಂದು ವರ್ಗ, ಎಂ.ಐ.ಡಿ.ಸಿ. ಉದ್ದಿಮೆದಾರರಿಗೊಂದು, ವರ್ತಕರಿಗೊಂದು, ವೈದ್ಯರು ವಕೀಲರಿಗೊಂದು. ಬೆಳಗಿನ ಲೋಕಲ್ ಹಿಡಿದು ಮುಂಬಯಿಗೆ ಹೋಗಿ ರಾತ್ರಿ ಮರಳುವವನು ಎಲ್ಲಿ ಸೇರುತ್ತಾನೆ? ಅವನ ವೃತ್ತಿ ಅಲ್ಲಿದೆ, ನಲ್ಲಿಯ ನೀರು ಇಲ್ಲಿದೆ. ಗುತ್ತಿಗೆದಾರನ ಕೈಕೆಳಗೆ ಇಂದು ಒಂದು ಕಾರ್ಖಾನೆ, ನಾಳೆ ಇನ್ನೊಂದು ಎಂದು ದುಡಿಯುವವನ ವರ್ಗ ಯಾವುದು? ಈ ಸಭೆಯಲ್ಲಿರುವ ಗೃಹಿಣಿಯರಿಗೆ ಯಾವ ಸಂಘ ಪ್ರಮಾಣಪತ್ರ ಕೊಡುತ್ತದೆ?

ಮಹಾರಾಷ್ಟ್ರದಲ್ಲಿ ನಗರ ಪರಿಷತ್ತಿನ ಅಧ್ಯಕ್ಷರನ್ನು ಜನರು ಆರಿಸಬೇಕೋ ಸದಸ್ಯರು ಆರಿಸಬೇಕೋ ಎಂಬುದು ಸರಕಾರ ಬದಲಾದಂತೆ ಬದಲಾಗಿದೆ. 2016ರಲ್ಲಿ ನೇರ ಆಯ್ಕೆ ಬಂದಿತು, ಮುಂದಿನ ಸರಕಾರ ತೆಗೆದುಹಾಕಿತು, 2022ರಲ್ಲಿ ಮತ್ತೆ ಬಂದಿತು. 2025ರ ಡಿಸೆಂಬರಿನಲ್ಲಿ ನಾವು ನಮ್ಮ ಅಧ್ಯಕ್ಷರಿಗೆ ನೇರವಾಗಿ ಮತ ಹಾಕಿದೆವು. ಫಲಿತಾಂಶದ ನಂತರ ಕೆಲವೇ ದಿನಗಳಲ್ಲಿ ಸದಸ್ಯರ ಮೈತ್ರಿಗಳು ಹೇಗೆ ತಿರುಗಿದವು ಎಂಬುದನ್ನು ನೀವೆಲ್ಲರೂ ಕಂಡಿದ್ದೀರಿ. ಅಧ್ಯಕ್ಷರ ಆಯ್ಕೆಯೂ ಆ ಕೆಲವೇ ಮಂದಿಯ ಕೈಯಲ್ಲಿದ್ದಿದ್ದರೆ ಏನಾಗುತ್ತಿತ್ತೆಂದು ನಾನು ಹೇಳಬೇಕಾಗಿಲ್ಲ. ವಾರ್ಡಿನಲ್ಲಿ ಹಣ ಹಂಚುವವನು ಸಾವಿರಾರು ಮನೆಗಳಿಗೆ ಅಲೆಯಬೇಕು. ಸಮಿತಿಯ ಹಣ ಒಂದೇ ಕೊಠಡಿಯಲ್ಲಿ ಮುಗಿಯುತ್ತದೆ.

ಹಾಗಾದರೆ ವೃತ್ತಿಪರರಿಗೆ ಸ್ಥಾನವೇ ಬೇಡವೇ? ಸಂವಿಧಾನ ಅದಕ್ಕೊಂದು ಮಿತವಾದ ಅವಕಾಶ ಕೊಟ್ಟಿದೆ. ಮಹಾರಾಷ್ಟ್ರ ವಿಧಾನ ಪರಿಷತ್ತಿನ 78 ಸ್ಥಾನಗಳಲ್ಲಿ 7 ಪದವೀಧರರಿಗೆ, 7 ಶಿಕ್ಷಕರಿಗೆ. ಅಭ್ಯರ್ಥಿ ಸ್ವತಃ ಪದವೀಧರನಾಗಿರಬೇಕೆಂದಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 1972ರಲ್ಲಿಯೇ ತೀರ್ಪಿತ್ತಿದೆ; ಯಾರನ್ನು ಕಳುಹಿಸಬೇಕೆಂಬ ವಿವೇಕ ಮತದಾರನದು. ಈ ಸದಸ್ಯರು ಮಸೂದೆಯನ್ನು ಪರಿಶೀಲಿಸಬಹುದು, ಸಚಿವರನ್ನು ಪ್ರಶ್ನಿಸಬಹುದು. ಮಂತ್ರಿಮಂಡಲ ಹೊಣೆಯಾಗಿರುವುದು ಮಾತ್ರ ಎಲ್ಲರ ಮತದಿಂದ ಬಂದ ವಿಧಾನಸಭೆಗೆ. ಈ ಗೆರೆಯನ್ನು ಎಳೆದವರು ಯೋಚಿಸಿಯೇ ಎಳೆದರೆಂದು ನನ್ನ ಅಭಿಪ್ರಾಯ.

ಠಾಣೆ ಜಿಲ್ಲೆ ಕೊಂಕಣ ಪದವೀಧರ ಕ್ಷೇತ್ರಕ್ಕೆ ಸೇರುತ್ತದೆ. ಕಳೆದ ಚುನಾವಣೆ 2024ರ ಜೂನ್‌ನಲ್ಲಿ ಆಯಿತು, ಅವಧಿ ಆರು ವರ್ಷ. ವಿಧಾನಸಭೆಯ ಪಟ್ಟಿಯಲ್ಲಿ ಹೆಸರಿದ್ದರೆ ಇದಕ್ಕೆ ಸಾಲದು. ಪದವಿ ಪಡೆದು ಮೂರು ವರ್ಷವಾದವರು ನಮೂನೆ 18ರಲ್ಲಿ ಪ್ರತ್ಯೇಕ ಅರ್ಜಿ ಕೊಡಬೇಕು, ಪಟ್ಟಿಯನ್ನು ಪ್ರತಿ ಸಲ ಹೊಸದಾಗಿ ತಯಾರಿಸುತ್ತಾರೆ. ಇಲ್ಲಿರುವ ಪದವೀಧರರಲ್ಲಿ ಎಷ್ಟು ಮಂದಿಯ ಹೆಸರು ಕಳೆದ ಪಟ್ಟಿಯಲ್ಲಿತ್ತು? ಕೈ ಎತ್ತುವುದು ಬೇಡ. ನೋಂದಣಿ ತೆರೆದಾಗ ಪದವಿ ಪ್ರಮಾಣಪತ್ರದ ಪ್ರತಿಯನ್ನು ತೆಗೆದುಕೊಂಡು ಸಂಜೆ ಏಳರ ನಂತರ ನನ್ನ ಕಚೇರಿಗೆ ಬನ್ನಿ, ಅರ್ಜಿ ತುಂಬಿಕೊಡುತ್ತೇನೆ. ಶುಲ್ಕವಿಲ್ಲ.