ಅರ್ಬುದವೂ ಅನ್ನವೂ

ಅರ್ಬುದರೋಗದ ಚಿಕಿತ್ಸೆಗೆ ಬರುವವರ ಮನೆಮಂದಿ ವೈದ್ಯನಾದ ನನ್ನೊಡನೆ ಮಾತಿಗೆ ತೊಡಗಿದಾಗ ಮೊದಮೊದಲಿಗೇ ಹೇಳುವ ಮಾತೊಂದಿದೆ: “ಸಕ್ಕರೆ ಪೂರ್ತಿ ಬಿಡಿಸಿದ್ದೇವೆ, ಡಾಕ್ಟರೇ. ಅನ್ನವನ್ನೂ ಅರ್ಧಕ್ಕಿಳಿಸಿದ್ದೇವೆ.” ಹೇಳುವವರ ದನಿಯಲ್ಲಿ ವ್ರತ ಹಿಡಿದವರ ನಿಷ್ಠೆಯಿರುತ್ತದೆ, ಪಕ್ಕದಲ್ಲಿ ಕುಳಿತ ರೋಗಿಯ ಕೆನ್ನೆ ಗುಳಿಬಿದ್ದಿರುತ್ತದೆ. ಕ್ಯಾನ್ಸರು ಸಕ್ಕರೆ ತಿಂದು ಬೆಳೆಯುತ್ತದೆ, ಸಕ್ಕರೆ ನಿಲ್ಲಿಸಿದರೆ ಉಪವಾಸಬಿದ್ದು ಸಾಯುತ್ತದೆ ಎಂಬ ಈ ನಂಬಿಕೆ ಬರಿಯ ಅಜ್ಞಾನದಿಂದ ಹುಟ್ಟಿದ್ದಲ್ಲ. ಅದರ ಬೇರು ನಿಜವಾದ ವಿಜ್ಞಾನದಲ್ಲೇ ಇದೆ. ಕೇಳುಗರೇ, ನನ್ನ ಮಾತನ್ನು ಆ ಬೇರಿನಿಂದಲೇ ಆರಂಭಿಸುತ್ತೇನೆ.

೧೯೨೦ರ ದಶಕದಲ್ಲಿ ಬರ್ಲಿನ್ನಿನ ಡಾಹ್ಲೆಮ್‌ನಲ್ಲಿ ಆಟೋ ವಾರ್ಬುರ್ಗ್ ಎಂಬ ವಿಜ್ಞಾನಿ ಇಲಿಗಳ ಗಡ್ಡೆಯಿಂದ ತೆಳ್ಳನೆಯ ಹೋಳುಗಳನ್ನು ಕೊಯ್ದು, ಅವು ಎಷ್ಟು ಆಮ್ಲಜನಕವನ್ನು ಹೀರುತ್ತವೆ, ಎಷ್ಟು ಆಮ್ಲವನ್ನು ಹೊರಗೆಡಹುತ್ತವೆ ಎಂದು ಅಳೆಯುತ್ತಿದ್ದರು. ಆರೋಗ್ಯವಂತ ಜೀವಕೋಶವು ಆಮ್ಲಜನಕ ದೊರೆತಾಗ ಗ್ಲೂಕೋಸನ್ನು ಪೂರ್ತಿ ದಹಿಸುತ್ತದೆ. ಶಕ್ತಿಯನ್ನು ನಾಣ್ಯವೆಂದು ಎಣಿಸುವುದಾದರೆ ಒಂದು ಅಣುವಿನಿಂದ ಸುಮಾರು ೩೦ ನಾಣ್ಯ ಅದಕ್ಕೆ ದಕ್ಕುತ್ತದೆ. ಗಡ್ಡೆಯ ಕೋಶಗಳಾದರೋ ಸುತ್ತ ಆಮ್ಲಜನಕ ತುಂಬಿದ್ದರೂ ಗ್ಲೂಕೋಸನ್ನು ಬೇಕಾಬಿಟ್ಟಿಯಾಗಿ ನುಂಗಿ, ಬಹುಪಾಲನ್ನು ಅರ್ಧಂಬರ್ಧ ಒಡೆದು, ಅಣುವೊಂದಕ್ಕೆ ಎರಡೇ ನಾಣ್ಯ ಪಡೆದು, ಉಳಿದುದನ್ನು ಲ್ಯಾಕ್ಟಿಕ್ ಆಮ್ಲವಾಗಿ ಎಸೆಯುತ್ತಿದ್ದವು. ವಾರ್ಬುರ್ಗ್ ಅವರಿಗೆ ೧೯೩೧ರಲ್ಲಿ ನೊಬೆಲ್ ಬಹುಮಾನ ಬಂತು. ಅನೇಕರು ಬರೆಯುವಂತೆ ಅದು ಈ ಶೋಧಕ್ಕೆ ಬಂದದ್ದಲ್ಲ, ಉಸಿರಾಟದ ಕಿಣ್ವವೊಂದರ ಶೋಧಕ್ಕೆ. ಕೋಶದ ಉಸಿರಾಟ ಕೆಡುವುದೇ ಅರ್ಬುದದ ಮೂಲವೆಂದು ಅವರು ಕೊನೆಯವರೆಗೂ ಹಠ ಹಿಡಿದರು. ಎಷ್ಟೋ ಗಡ್ಡೆಗಳಲ್ಲಿ ಉಸಿರಾಟ ಚೆನ್ನಾಗಿಯೇ ನಡೆಯುತ್ತದೆಂದು ಆಮೇಲೆ ತಿಳಿಯಿತು.

ಈ ಕಾಣ್ಕೆಯೇ ಇಂದಿನ ಪೆಟ್ ಸ್ಕ್ಯಾನಿಗೆ ಆಧಾರ. ಗ್ಲೂಕೋಸನ್ನು ಹೋಲುವ, ವಿಕಿರಣ ಸೂಸುವ ವಸ್ತುವೊಂದನ್ನು ರಕ್ತಕ್ಕೆ ಸೇರಿಸಿದರೆ ಗಡ್ಡೆ ಅದನ್ನು ನುಂಗಿ ಚಿತ್ರದಲ್ಲಿ ಹೊಳೆಯುತ್ತದೆ. ಆ ಚಿತ್ರ ನೋಡಿದವರಿಗೆ ಸಕ್ಕರೆಯ ಮೇಲೆ ಸಿಟ್ಟು ಬಾರದಿದ್ದರೇ ಆಶ್ಚರ್ಯ. ಆದರೆ ಅದೇ ಚಿತ್ರದಲ್ಲಿ ಮಿದುಳೂ ಹೊಳೆಯುತ್ತಿರುತ್ತದೆ. ಮಿದುಳಿಗೂ ಗ್ಲೂಕೋಸೇ ಅನ್ನ. ಆದುದರಿಂದಲೇ ರಕ್ತದಲ್ಲಿ ಅದು ಬತ್ತಲು ದೇಹ ಬಿಡುವುದಿಲ್ಲ. ನಾವು ಉಣ್ಣದಿದ್ದರೆ ಯಕೃತ್ತು ತನ್ನ ಕಣಜವನ್ನು ತೆರೆಯುತ್ತದೆ. ಸುಮಾರು ಒಂದು ದಿನದಲ್ಲಿ ಅದು ಬರಿದಾಗುತ್ತದೆ. ಬಳಿಕ ಸ್ನಾಯುಗಳ ಪ್ರೋಟೀನು ಕರಗಿ ಗ್ಲೂಕೋಸಾಗುತ್ತದೆ. ಗಡ್ಡೆಗೆ ಅದರ ಪಾಲು ಸಂದೇ ಸಲ್ಲುತ್ತದೆ. ಸೊರಗುವುದು ರೋಗಿಯ ತೋಳು, ತೊಡೆ. ಸಾಲದ್ದಕ್ಕೆ, ಗಡ್ಡೆ ಎಸೆದ ಲ್ಯಾಕ್ಟಿಕ್ ಆಮ್ಲವೂ ಯಕೃತ್ತಿಗೆ ಹೋಗಿ ಮತ್ತೆ ಗ್ಲೂಕೋಸಾಗಿ ಮರಳುತ್ತದೆ. ಕಾರ್ಲ್ ಮತ್ತು ಗರ್ಟಿ ಕೋರಿ ದಂಪತಿಗಳ ಹೆಸರಿನ ಚಕ್ರ ಇದು. ಗಡ್ಡೆ ಎರಡು ನಾಣ್ಯ ಗಳಿಸಿದಲ್ಲಿ, ಅದನ್ನು ಮರಳಿ ಕಟ್ಟಲು ಯಕೃತ್ತು ಆರು ನಾಣ್ಯ ತೆರುತ್ತದೆ. ಹೀಗೆ ಒಳಗೇ ಸಾಲದಲ್ಲಿ ಬಿದ್ದ ಮೈಗೆ ಹೊರಗಿನಿಂದ ಉಪವಾಸವನ್ನೂ ಹೇರುವುದು ಎಂಥ ಉಪಚಾರ?

ಉಂಡದ್ದು ಶಕ್ತಿಯಾಗಿ, ಮೈಯಾಗಿ ಮಾರ್ಪಡುವ ಈ ವ್ಯಾಪಾರವನ್ನು ಚಯಾಪಚಯ ಎನ್ನುತ್ತೇವೆ. ಅದು ಮುಖ್ಯವೇ, ಆದರೆ ಗಡ್ಡೆಯನ್ನು ಹಸಿವಿನಿಂದ ಕೊಲ್ಲುವ ಉಪಾಯವಾಗಿ ಅಲ್ಲ, ರೋಗಿ ಚಿಕಿತ್ಸೆಯನ್ನು ತಾಳಿಕೊಳ್ಳುವ ಬಲವಾಗಿ. ಮೈತೂಕ ಕರಗಿದವರಲ್ಲಿ ಔಷಧದ ದುಷ್ಪರಿಣಾಮ ಹೆಚ್ಚು; ಒಂದು ಸರದಿ ತಪ್ಪುತ್ತದೆ, ಇನ್ನೊಂದು ಮುಂದಕ್ಕೆ ಹೋಗುತ್ತದೆ. ರೋಗಿಗೆ ದಿನಕ್ಕೆ ಮೈತೂಕದ ಕಿಲೋ ಒಂದಕ್ಕೆ ಒಂದು ಗ್ರಾಮಿಗೆ ಮೇಲ್ಪಟ್ಟು, ಸಾಧ್ಯವಾದರೆ ಒಂದೂವರೆ ಗ್ರಾಮಿನವರೆಗೆ ಪ್ರೋಟೀನು ಬೇಕೆಂದು ತಜ್ಞರು ಹೇಳುತ್ತಾರೆ. ೫೦ ಕಿಲೋ ತೂಗುವವರಿಗೆ ಇದು ೫೦ರಿಂದ ೭೫ ಗ್ರಾಮು. ಒಂದು ಮೊಟ್ಟೆಯಲ್ಲಿ ಸಿಗುವುದು ಸುಮಾರು ಆರು ಗ್ರಾಮು. ನಮ್ಮ ಮನೆಗಳಲ್ಲಿ ಕಾಯಿಲೆಯವರಿಗೆಂದು ಮಾಡುವ ಅಕ್ಕಿಗಂಜಿ, ತಿಳಿಸಾರು, ಎಳನೀರುಗಳನ್ನು ಈ ಲೆಕ್ಕದಲ್ಲಿ ಇಟ್ಟು ನೋಡಿದರೆ ಎದೆ ಝಲ್ಲೆನ್ನುತ್ತದೆ. ಸಾರಿನ ತಿಳಿಯನ್ನು ಬಡಿಸಿ ಗಟ್ಟಿ ಬೇಳೆಯನ್ನು ಮಿಕ್ಕವರಿಗೆ ಇಡುವ ರೂಢಿ ಎಲ್ಲಿಂದ ಬಂತೋ! ಮೂತ್ರಪಿಂಡದ ತೊಂದರೆ ಇದ್ದವರ ಲೆಕ್ಕ ಬೇರೆ. ಅದನ್ನು ವೈದ್ಯರೇ ಹೇಳಬೇಕು.

ಹಾಗೆಂದು ಸಕ್ಕರೆ ಕಾಯಿಲೆಯನ್ನು ಹಗುರವಾಗಿ ಕಾಣುವಂತಿಲ್ಲ. ಯಕೃತ್ತು, ಮೇದೋಜೀರಕ ಗ್ರಂಥಿ, ದೊಡ್ಡ ಕರುಳು, ಗರ್ಭಕೋಶದ ಒಳಪದರ, ಇವುಗಳ ಅರ್ಬುದ ಮಧುಮೇಹಿಗಳಲ್ಲಿ ಹೆಚ್ಚಾಗಿ ಕಾಣುತ್ತದೆ. ಚಿಕಿತ್ಸೆಯ ನಡುವೆ ವಾಂತಿ ತಡೆಯಲು ಕೊಡುವ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಬೆಳಗ್ಗೆ ಕೊಟ್ಟರೆ ಏರಿಕೆ ಎದ್ದು ಕಾಣುವುದು ಮಧ್ಯಾಹ್ನ, ಸಂಜೆಗಳಲ್ಲಿ. ಮುಂಜಾನೆ ಖಾಲಿ ಹೊಟ್ಟೆಯಲ್ಲಿ ಮಾಡಿಸಿದ ಪರೀಕ್ಷೆಯೊಂದನ್ನೇ ನಂಬಿ ನಿಶ್ಚಿಂತರಾಗುವವರು ಇದನ್ನು ಅರಿತಿರಬೇಕು. ಬಿಳಿ ರಕ್ತಕಣಗಳು ಇಳಿದಿರುವಾಗ ಏರಿದ ಸಕ್ಕರೆ ಸೋಂಕಿಗೆ ಬಾಗಿಲು ತೆರೆಯುತ್ತದೆ.

ಮಧುಮೇಹದ ಮಾತ್ರೆಯೇ ಅರ್ಬುದಕ್ಕೂ ಮದ್ದಾದೀತೆಂಬ ಆಸೆಯೂ ಇತ್ತು. ಸ್ತನದ ಅರ್ಬುದವಿದ್ದು ಮಧುಮೇಹವಿಲ್ಲದ ಮೂರೂವರೆ ಸಾವಿರಕ್ಕೂ ಹೆಚ್ಚು ಮಂದಿಯಲ್ಲಿ ಮೆಟ್‌ಫಾರ್ಮಿನ್ ಮಾತ್ರೆಯನ್ನು ಪರೀಕ್ಷಿಸಿದ ಫಲಿತಾಂಶ ೨೦೨೨ರಲ್ಲಿ ಪ್ರಕಟವಾಯಿತು. ರೋಗ ಮರುಕಳಿಸುವುದನ್ನು ಅದು ತಡೆಯಲಿಲ್ಲ. ಇದಕ್ಕಿಂತ ಸಾದಾ ಉಪಾಯವೊಂದು ಗೆದ್ದಿತು. ದೊಡ್ಡ ಕರುಳಿನ ಅರ್ಬುದಕ್ಕೆ ಶಸ್ತ್ರಕ್ರಿಯೆ, ಔಷಧ ಎರಡೂ ಮುಗಿದ ೮೮೯ ಮಂದಿಯಲ್ಲಿ ಒಂದು ಪಂಗಡಕ್ಕೆ ಮೂರು ವರ್ಷ ಶಿಕ್ಷಕರ ನೆರವಿನಿಂದ ವ್ಯಾಯಾಮ ಮಾಡಿಸಿದರು. ಇನ್ನೊಂದಕ್ಕೆ ಆರೋಗ್ಯದ ತಿಳಿವಳಿಕೆಯ ಪುಸ್ತಕಗಳನ್ನು ಮಾತ್ರ ಕೊಟ್ಟರು. ಎಂಟು ವರ್ಷದ ಹೊತ್ತಿಗೆ ಮೊದಲ ಪಂಗಡದಲ್ಲಿ ನೂರಕ್ಕೆ ೯೦ ಮಂದಿ, ಎರಡನೆಯದರಲ್ಲಿ ೮೩ ಮಂದಿ ಬದುಕಿದ್ದರೆಂದು ೨೦೨೫ರಲ್ಲಿ ಪ್ರಕಟವಾದ ವರದಿ ಹೇಳುತ್ತದೆ. ಬಹುಮಟ್ಟಿಗೆ ಅವರಲ್ಲಿ ಹಲವರು ಮಾಡಿದ್ದು ಬಿರುಸಿನ ನಡಿಗೆ. ನಮ್ಮಲ್ಲಿ ಚಿಕಿತ್ಸೆ ಮುಗಿಸಿ ಮನೆಗೆ ಬಂದವರನ್ನು ಅಕ್ಕರೆಯಿಂದ ಹಾಸಿಗೆಯಲ್ಲೇ ಇರಿಸುತ್ತೇವೆ. ಬಚ್ಚಲಿಗೆ ಹೋಗುವುದಕ್ಕೂ ಇಬ್ಬರು ಕೈಹಿಡಿಯುತ್ತಾರೆ. ಅರ್ಬುದ ಮೂಳೆಗೆ ಹಬ್ಬಿದವರು, ರಕ್ತಕಣಗಳು ತೀರ ಇಳಿದವರು ವೈದ್ಯರನ್ನು ಕೇಳದೆ ಹೊರಡಬಾರದು. ಮಿಕ್ಕವರಿಗೆ ಮನೆಯ ಅಂಗಳದಲ್ಲಿ ಹತ್ತು ನಿಮಿಷದ ನಡಿಗೆಯಿಂದ ತೊಡಗಲು ಅಡ್ಡಿಯಿಲ್ಲ.