ಬಾಡಿಗೆಗೆ ಮನೆ ಕೊಡುವ ಮುನ್ನ

(ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ನೀಡಿದ ಮಾಹಿತಿ ಭಾಷಣ)



ನಮ್ಮ ಸಂಘಗಳಲ್ಲಿ ಹಲವರು ಸಾಲ ಪಡೆದು ಮನೆಯ ಹಿಂದೆ ಒಂದು ಕೋಣೆ, ಮಹಡಿಯ ಮೇಲೆ ಒಂದು ಸಣ್ಣ ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದಾರೆ. ಒಳ್ಳೆಯದೇ. ಹಸು, ಹೊಲಿಗೆ ಯಂತ್ರದ ಹಾಗೆ ಇದೂ ಒಂದು ಆದಾಯ. ಆದರೆ ಹಸು ಕೊಳ್ಳುವಾಗ ಹಲ್ಲು ನೋಡಿ, ಹಾಲು ಕರೆದು ನೋಡುವ ನಾವು, ಮನೆ ಕೊಡುವಾಗ ಬರೀ ಬಾಯಿಮಾತಿನ ಮೇಲೆ ಕೊಟ್ಟು ಬಿಡ್ತೇವೆ.

ಸಂಘದ ಒಬ್ಬ ಸದಸ್ಯೆಗೆ ಆದದ್ದನ್ನು ಕೇಳಿ. ಆಕೆ ವಿಧವೆ. ಬಾಡಿಗೆದಾರ ನಾಲ್ಕು ತಿಂಗಳು ಬಾಡಿಗೆ ಕೊಡಲಿಲ್ಲ. ಸಂಘದ ಕಂತು ಕಟ್ಟುವ ದಿನ ಬಂತು. ಸಿಟ್ಟಿನಲ್ಲಿ ಆತ ಕೆಲಸಕ್ಕೆ ಹೋದಾಗ ತನ್ನದೇ ಬೀಗ ಜಡಿದು, ಪಾತ್ರೆ ಪಗಡಿ ಹೊರಗಿಟ್ಟಳು. ಆತ ಠಾಣೆಗೆ ಹೋದ. ಬಾಕಿ ಕೇಳಬೇಕಾದವಳು ತಾನೇ ತಪ್ಪಿತಸ್ಥಳಂತೆ ನಿಲ್ಲಬೇಕಾಯಿತು. "ಮನೆ ನಂದೇ ಅಲ್ವಾ?" ಅಂತ ಆಕೆ ನಮ್ಮನ್ನು ಕೇಳಿದಳು.

ಹೌದು, ಮನೆ ಆಕೆಯದೇ. ಆದರೆ ವಾಸದ ಹಕ್ಕನ್ನು ನಾವೇ ಬಾಡಿಗೆದಾರನಿಗೆ ಕೊಟ್ಟಿರುತ್ತೇವೆ. ಅದನ್ನು ಹಿಂದಕ್ಕೆ ಪಡೆಯಲು ಕಾನೂನಿನ ದಾರಿ ಮಾತ್ರ ಇದೆ. ನೆಲೆಸಿರುವವರನ್ನು ಮಾಲೀಕರೂ ಬಲವಂತವಾಗಿ ಹೊರಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಂತೆ, ಹೊರಹಾಕಲ್ಪಟ್ಟವರು ಆರು ತಿಂಗಳೊಳಗೆ ದಾವೆ ಹೂಡಿ ಮತ್ತೆ ಸ್ವಾಧೀನ ಪಡೆಯಬಹುದು. ನೀರು, ಕರೆಂಟು ಕತ್ತರಿಸುವುದೂ ಹಾಗೆಯೇ. ದಯವಿಟ್ಟು ಮಾಡಬೇಡಿ.

ಯಾವ ಕಾನೂನು?

ನಮ್ಮ ರಾಜ್ಯದಲ್ಲಿ 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಬದಲಿಗೆ ಕರ್ನಾಟಕ ಬಾಡಿಗೆ ಕಾಯ್ದೆ, 1999 ಬಂತು. 2001ರ ಡಿಸೆಂಬರ್ 31ರಿಂದ ಜಾರಿಯಲ್ಲಿದೆ. ಆದರೆ ಇದು ಎಲ್ಲ ಮನೆಗಳಿಗೂ ಅನ್ವಯಿಸುವುದಿಲ್ಲ. ಕಾಯ್ದೆಯ ಪ್ರಕಾರ ಲೆಕ್ಕ ಹಾಕಿದ ತಿಂಗಳ ಬಾಡಿಗೆ, ಪಟ್ಟಿ ಮಾಡಿದ ದೊಡ್ಡ ನಗರಗಳಲ್ಲಿ 3,500 ರೂಪಾಯಿ, ಬೇರೆ ಕಡೆ 2,000 ರೂಪಾಯಿ ಮೀರಿದ ವಾಸದ ಮನೆಗಳು ಇದರ ಹೊರಗೆ. ಹೊಸದಾಗಿ ಕಟ್ಟಿದ ಮನೆಗೂ 15 ವರ್ಷ ವಿನಾಯಿತಿ ಇದೆ. ಇಂಥ ಮನೆಗಳಿಗೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯೇ ಆಧಾರ. ನಿಮ್ಮ ಮನೆ ಯಾವುದಕ್ಕೆ ಸೇರುತ್ತದೆ ಎಂದು ವಕೀಲರನ್ನು ಮೊದಲೇ ಕೇಳಿಕೊಳ್ಳಿ.

ಕರಾರು ಪತ್ರ

ಗುರುತಿನವರು, ನೆಂಟರು ಎಂದು ಬಿಡಬೇಡಿ, ಬರೆಸಿಕೊಳ್ಳಿ. ಹೆಚ್ಚಿನವರು 11 ತಿಂಗಳಿಗೆ ಬರೆಸುತ್ತಾರೆ. ಯಾಕೆ ಗೊತ್ತೇ? ಒಂದು ವರ್ಷ ಮೀರಿದ ಕರಾರನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಪತ್ರದಲ್ಲಿ ಇಷ್ಟಾದರೂ ಇರಲಿ:

1. ಬಾಡಿಗೆ ಎಷ್ಟು, ಯಾವ ತಾರೀಖಿಗೆ, ವರ್ಷಕ್ಕೆ ಎಷ್ಟು ಹೆಚ್ಚಳ.
2. ಮುಂಗಡ ಎಷ್ಟು, ಬಿಡುವಾಗ ಏನೇನು ಕಳೆದು ಯಾವಾಗ ಹಿಂತಿರುಗಿಸುವುದು.
3. ಕರೆಂಟು, ನೀರು, ಸುಣ್ಣಬಣ್ಣ, ರಿಪೇರಿ ಯಾರ ಖರ್ಚು.
4. ಬಿಡಲು, ಬಿಡಿಸಲು ಎಷ್ಟು ದಿನ ಮುಂಚೆ ತಿಳಿಸಬೇಕು.
5. ಬೇರೆಯವರಿಗೆ ಮರುಬಾಡಿಗೆ ಕೊಡಬಾರದು ಎಂಬ ಮಾತು.

ಮನೆಯ ಪತ್ರ ಯಾರ ಹೆಸರಿನಲ್ಲಿದೆಯೋ ಅವರೇ ಸಹಿ ಹಾಕಬೇಕು. ದುಡಿದು ಕಟ್ಟಿಸಿದವಳು ನೀವಾದರೆ, ನಿಮ್ಮ ಹೆಸರೂ ಪತ್ರದಲ್ಲಿ ಬರಲಿ ಅಂತ ಮನೆಯಲ್ಲಿ ಮಾತಾಡಿ. ಬಾಡಿಗೆ ಪಡೆದಾಗ ರಸೀದಿ ಕೊಡಿ, ಅಥವಾ ಬ್ಯಾಂಕ್ ಖಾತೆಗೆ ಹಾಕಿಸಿ. ಸಂಘದಲ್ಲಿ ಲೆಕ್ಕ ಬರೆಯುವ ನಮಗೆ ಇದೇನು ಕಷ್ಟವಲ್ಲ.

ಮುಂಗಡ, ಭೋಗ್ಯದ ಹಣ

ಮುಂಗಡವಾಗಲಿ, ಭೋಗ್ಯದ ಹಣವಾಗಲಿ ಅದು ನಮ್ಮ ಆದಾಯವಲ್ಲ, ಸಾಲ. ಭೋಗ್ಯಕ್ಕೆ ಮೂರು ಲಕ್ಷ ಪಡೆದು ಮಗಳ ಮದುವೆ ಮಾಡಿದರೆ, ಅವಧಿ ಮುಗಿದ ದಿನ ಮೂರು ಲಕ್ಷ ಕೊಡಬೇಕಾದವರು ನಾವೇ. ಕೊಡದಿದ್ದರೆ ಆತ ಯಾಕೆ ಬಿಡ್ತಾನೆ? ಕೈಗೆ ಬಂದ ಹಣದಲ್ಲಿ ಒಂದು ಭಾಗವನ್ನು ಮುಟ್ಟದೆ ಠೇವಣಿಯಲ್ಲಿಡಿ. ಭೋಗ್ಯದ ಪತ್ರವನ್ನು ತಪ್ಪದೆ ನೋಂದಾಯಿಸಿ.

2021ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ, ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯಷ್ಟೇ ಮುಂಗಡ ಸಾಕು ಅನ್ನುತ್ತದೆ. ಅದು ಬರೀ ಮಾದರಿ. ರಾಜ್ಯ ತನ್ನ ಕಾನೂನು ಮಾಡಿದರೆ ಮಾತ್ರ ಕಡ್ಡಾಯ. ಆದರೂ ಹತ್ತು ತಿಂಗಳ ಮುಂಗಡ ಕೇಳುವಾಗ ಆ ಮಾತು ನಮಗೆ ನೆನಪಾಗಲಿ.

ಬಾಡಿಗೆ ಬಾರದಿದ್ದರೆ

ಮೊದಲು ಕೂತು ಮಾತಾಡಿ. ಸಂಘದ ಇಬ್ಬರು ಹಿರಿಯರು ಜೊತೆಗಿರಲಿ. ಆಗದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸು ಕೊಡಿ. ಸ್ವತ್ತು ವರ್ಗಾವಣೆ ಕಾಯ್ದೆಯಡಿ, ಕರಾರಿನಲ್ಲಿ ಬೇರೆ ಹೇಳದಿದ್ದರೆ, ತಿಂಗಳ ಬಾಡಿಗೆಯ ಮನೆಗೆ 15 ದಿನಗಳ ನೋಟಿಸು. ಬಾಡಿಗೆ ಕಾಯ್ದೆಯಡಿ ಬಾಕಿ ಕೇಳಿ ನೋಟಿಸು ಕೊಟ್ಟು, ಎರಡು ತಿಂಗಳಾದರೂ ಕಟ್ಟದಿದ್ದರೆ ಮನೆ ಬಿಡಿಸಲು ಅರ್ಜಿ ಹಾಕಬಹುದು. ವಿಧವೆ ಮಾಲೀಕಳಿಗೆ ತನ್ನ ವಾಸಕ್ಕೇ ಮನೆ ಬೇಕಾದರೆ, ಬೇಗ ಸ್ವಾಧೀನ ಕೇಳುವ ವಿಶೇಷ ಅವಕಾಶವನ್ನೂ ಈ ಕಾಯ್ದೆ ಕೊಟ್ಟಿದೆ.

"ವಕೀಲರಿಗೆ ದುಡ್ಡೆಲ್ಲಿ?" ಅಂತ ಕೇಳ್ತೀರಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಹೆಣ್ಣುಮಕ್ಕಳಿಗೆ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವಿನ ಹಕ್ಕಿದೆ. ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಅದಕ್ಕೆ ಕೋರ್ಟಿನ ಡಿಕ್ರಿಯಷ್ಟೇ ಬೆಲೆ. ನಾವು ಹೇಳಿದ ಸದಸ್ಯೆಯ ವಿಷಯವೂ ಅಲ್ಲೇ ಮುಗಿಯಿತು. ಬೀಗ ತೆಗೆದಳು, ಆತ ಬಾಕಿಯನ್ನು ಕಂತಿನಲ್ಲಿ ಕಟ್ಟಿ, ಮೂರು ತಿಂಗಳಲ್ಲಿ ಮನೆ ಬಿಟ್ಟ.

ಕೊನೆಯ ಮಾತು. ಮಾತೆ ಮರಿಯಮ್ಮನವರಿಗೂ ಸಂತ ಜೋಸೆಫರಿಗೂ ಬೆತ್ಲೆಹೇಮಿನಲ್ಲಿ ತಂಗಲು ಜಾಗ ಸಿಗಲಿಲ್ಲ. ಜಾತಿ ಕೇಳಿ, ಧರ್ಮ ಕೇಳಿ, ಒಂಟಿ ಹೆಣ್ಣು ಎಂದು ಬಾಗಿಲು ಮುಚ್ಚುವವರು ನಾವಾಗುವುದು ಬೇಡ. ನಮ್ಮಲ್ಲೇ ಎಷ್ಟೋ ಜನ ಬಾಡಿಗೆ ಮನೆಯಲ್ಲಿದ್ದೇವೆ. ನಮಗೆ ಬೇಕಾದ ನ್ಯಾಯವನ್ನು ನಾವೂ ಕೊಡೋಣ.

ಮುಂದಿನ ವಾರದ ಸಭೆಗೆ ಮನೆ ಬಾಡಿಗೆಗೆ ಕೊಟ್ಟವರೂ ಪಡೆದವರೂ ತಮ್ಮ ಕರಾರು ಪತ್ರ ತನ್ನಿ. ಒಟ್ಟಿಗೆ ಕೂತು ಓದೋಣ. ಪತ್ರ ಇಲ್ಲದವರು ಬರೆಸೋಣ.